ಏಜೆನ್ಸಿ ಮುಚ್ಚಿತು, ನೆಲ ಯಾರ ಪಾಲಾಯಿತು?

2012ರ ಫೆಬ್ರುವರಿ 1ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸುಮಾರು 400 ಸರ್ಕಾರಿ ಸಂಸ್ಥೆಗಳು ಒಂದೇ ದಿನ ಬಾಗಿಲು ಮುಚ್ಚಿದವು. ಪುನರಭಿವೃದ್ಧಿ ಏಜೆನ್ಸಿ ಎಂಬ ಹೆಸರಿನ ಈ ಸಂಸ್ಥೆಗಳ ಕೆಲಸ, ಹಳತಾದ ಬಡಾವಣೆಗಳನ್ನು ಕೊಂಡು, ಕೆಡವಿ, ಹೊಸದಾಗಿ ಕಟ್ಟಿಸುವುದು. ಮುಚ್ಚುವ ಹೊತ್ತಿಗೆ ಅವುಗಳ ಹೆಸರಿನಲ್ಲಿ ಸಾವಿರಾರು ಆಸ್ತಿಗಳಿದ್ದವು: ಪಾರ್ಕಿಂಗ್ ಜಾಗ, ನಾಟಕಶಾಲೆ, ಉದ್ಯಾನ, ಹಳೆಯ ಕಾರ್ಖಾನೆಯ ಅಂಗಳ, ಕೆಡವಿದ ಮೇಲೆ ಏನೂ ಕಟ್ಟದೆ ಬಿಟ್ಟ ಖಾಲಿ ನಿವೇಶನ. ಬಹುಪಾಲು ಊರುಗಳಲ್ಲಿ ಏಜೆನ್ಸಿಯ ಆಡಳಿತ ಮಂಡಳಿಯಲ್ಲಿ ಕೂರುತ್ತಿದ್ದವರು ನಗರಸಭೆಯ ಸದಸ್ಯರೇ. ಹಾಗಾಗಿ ಏಜೆನ್ಸಿ ಹೋದ ಮೇಲೆ ಆಸ್ತಿ ತಮ್ಮದೇ ಎಂದು ನಗರಗಳು ನಂಬಿದ್ದವು. ಹಾಗೇನೂ ಇಲ್ಲ ಎಂದಿತು ರಾಜ್ಯ ಸರ್ಕಾರ. ಆ ನೆಲವನ್ನು ಕೊಂಡ ಹಣ ನಗರದ್ದೊಂದೇ ಆಗಿರಲಿಲ್ಲ ಎಂಬುದು ಅದರ ವಾದ.

ಈ ವಾದದಲ್ಲಿ ನ್ಯಾಯವಿತ್ತು. ಆದರೆ ಅದರಾಚೆಗೂ ಒಂದು ಪ್ರಶ್ನೆ ಉಳಿದಿತ್ತು. ನೆಲವನ್ನು ಯಾರಿಂದ ಕಿತ್ತುಕೊಂಡಿದ್ದರು ಎಂಬುದು. ಆಸ್ತಿ ಹಂಚಿಕೆಗೆ ಬರೆದ ಕಾನೂನಿನ ಸಾವಿರ ವಿವರಗಳ ನಡುವೆ ಆ ಪ್ರಶ್ನೆಗೆ ಸರಿಯಾದ ಜಾಗ ಸಿಗಲಿಲ್ಲ.

ಏಜೆನ್ಸಿಗಳು ಹುಟ್ಟಿದ್ದು 1945ರ ಒಂದು ಕಾಯ್ದೆಯಿಂದ. ಎರಡನೆಯ ಮಹಾಯುದ್ಧ ಮುಗಿದ ಆ ವರ್ಷಗಳಲ್ಲಿ ಅನುಕೂಲಸ್ಥರು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದರು, ನಗರದ ನಡುಭಾಗ ಸೊರಗುತ್ತಿತ್ತು. ನಮ್ಮ ಓದುಗರಿಗೆ ಇಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ನೆನಪಾಗಬಹುದು. ಬಿಡಿಎಯ ಹಿಂದಿನ ರೂಪವಾದ ಬೆಂಗಳೂರು ನಗರ ಸುಧಾರಣಾ ಟ್ರಸ್ಟ್ ಮಂಡಳಿ ಕೂಡ 1945ರ ಕಾಯ್ದೆಯ ಕೂಸೇ. ಆದರೆ ಎರಡಕ್ಕೂ ಹಣ ಬರುವ ದಾರಿ ಬೇರೆ. ಬಿಡಿಎ ನಿವೇಶನ ಮಾರಿ ಹಣ ಮಾಡಿಕೊಂಡರೆ, ಕ್ಯಾಲಿಫೋರ್ನಿಯಾದ ಏಜೆನ್ಸಿಗಳು ಬೆಳೆದದ್ದು ತೆರಿಗೆಯ ಮೇಲೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು 1952ರ ಒಂದು ಸಂವಿಧಾನ ತಿದ್ದುಪಡಿ.

ಆಗಿನ ಲೆಕ್ಕ ಹೀಗೆ. ಒಂದು ಪ್ರದೇಶ ಪಾಳುಬಿದ್ದಿದೆ ಎಂದು ನಗರ ಘೋಷಿಸುತ್ತದೆ. ಆ ದಿನ ಅಲ್ಲಿನ ಆಸ್ತಿಗಳ ಒಟ್ಟು ತೆರಿಗೆ ಮೌಲ್ಯ 10 ಕೋಟಿ ಡಾಲರ್ ಎಂದುಕೊಳ್ಳೋಣ. ಮುಂದೆ ಯೋಜನೆ ನಡೆಯುವವರೆಗೂ ಶಾಲೆ, ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), ನೀರು ಪೂರೈಕೆ ಮಂಡಳಿ, ನಗರ ಎಲ್ಲವೂ ಆ 10 ಕೋಟಿಯ ಮೇಲಿನ ತೆರಿಗೆಯನ್ನಷ್ಟೇ ಹಂಚಿಕೊಳ್ಳಬೇಕು. ಮೌಲ್ಯ 30 ಕೋಟಿಗೆ ಏರಿದರೆ, ಏರಿದ 20 ಕೋಟಿಯ ಮೇಲಿನ ತೆರಿಗೆ ಏಜೆನ್ಸಿಯ ಖಜಾನೆಗೆ. ಈ ಆದಾಯವನ್ನು ತೋರಿಸಿ ಏಜೆನ್ಸಿ ಬಾಂಡ್ ಹೊರಡಿಸಿ ಸಾಲ ಎತ್ತುತ್ತದೆ, ಆ ಸಾಲದಲ್ಲಿ ನೆಲ ಕೊಳ್ಳುತ್ತದೆ. ಮಾಲೀಕ ಒಪ್ಪದಿದ್ದರೆ ಒತ್ತಾಯದ ಭೂಸ್ವಾಧೀನದ ಅಧಿಕಾರವೂ ಅದರ ಕೈಯಲ್ಲಿತ್ತು. ಮೌಲ್ಯ ಏರಿದ್ದು ಏಜೆನ್ಸಿಯ ಕೆಲಸದಿಂದಲೇ, ಆದ್ದರಿಂದ ಏರಿಕೆಯ ಫಲವೂ ಅದಕ್ಕೇ ಸಲ್ಲಬೇಕು ಎಂಬುದು ಇದರ ಹಿಂದಿನ ತರ್ಕ. ಏಜೆನ್ಸಿ ಇಲ್ಲದಿದ್ದರೂ ಆ ಮೌಲ್ಯ ಒಂದಷ್ಟು ಏರಿಯೇ ಏರುತ್ತಿತ್ತು ಎಂಬುದನ್ನು ಈ ತರ್ಕ ಲೆಕ್ಕಕ್ಕೆ ಹಿಡಿಯಲಿಲ್ಲ.

1978ರಲ್ಲಿ ಮತದಾರರು ಪ್ರೊಪೊಸಿಷನ್ 13 ಎಂಬ ನಿಯಮವನ್ನು ಗೆಲ್ಲಿಸಿದರು. ಆಸ್ತಿ ತೆರಿಗೆ ಮೌಲ್ಯದ ಶೇ 1ಕ್ಕೆ ನಿಂತಿತು. ಆಸ್ತಿ ಕೈಬದಲಾಗುವವರೆಗೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ ಎಂದಾಯಿತು. ನಗರಗಳ ಕೈ ಕಟ್ಟಿಹೋಯಿತು. ತೆರಿಗೆ ಹೆಚ್ಚಿಸದೆ ಹಣ ತರುವ ದಾರಿ ಯಾವುದು ಎಂದು ಹುಡುಕಿದಾಗ ಕಂಡದ್ದು ಇದೇ ಏಜೆನ್ಸಿ. ಅಲ್ಲಿಂದಾಚೆಗೆ ಅವುಗಳ ಸಂಖ್ಯೆಯೂ ವಿಸ್ತಾರವೂ ಬೆಳೆದವು. ಕೊನೆಗೆ ಇಡೀ ರಾಜ್ಯದ ಆಸ್ತಿ ತೆರಿಗೆಯಲ್ಲಿ ಸುಮಾರು ಶೇ 12, ಅಂದರೆ ವರ್ಷಕ್ಕೆ 500 ಕೋಟಿ ಡಾಲರಿಗೂ ಮಿಕ್ಕು, ಏಜೆನ್ಸಿಗಳಿಗೆ ಹೋಗುತ್ತಿತ್ತು. ಶಾಲೆಗಳು ಕಳೆದುಕೊಂಡದ್ದನ್ನು ರಾಜ್ಯ ತನ್ನ ಬೊಕ್ಕಸದಿಂದ ತುಂಬಿಕೊಡಬೇಕಿತ್ತು. ಪಾಳುಬಿದ್ದ ಪ್ರದೇಶದ ವ್ಯಾಖ್ಯೆಯೂ ಹಿಗ್ಗುತ್ತಾ ಹೋಯಿತು. 2011ರಲ್ಲಿ ರಾಜ್ಯದ ಕಂಟ್ರೋಲರ್ ಜಾನ್ ಚಿಯಾಂಗ್ ಕೆಲವು ಏಜೆನ್ಸಿಗಳ ಲೆಕ್ಕ ತಪಾಸಣೆ ಮಾಡಿಸಿದಾಗ, ಪಾಮ್ ಡೆಸರ್ಟ್ ಎಂಬ ಊರು ಈ ಹಣವನ್ನು ಐಷಾರಾಮಿ ಗಾಲ್ಫ್ ರೆಸಾರ್ಟಿಗೆ ಎತ್ತಿಟ್ಟದ್ದು ಹೊರಬಿತ್ತು. ಕಡಲ ದಂಡೆಯ ಕೊರೊನಾಡೊ ಎಂಬ ಸಿರಿವಂತರ ಊರಿನಲ್ಲಂತೂ ಖಾಸಗಿ ಒಡೆತನದ ಒಂದೊಂದು ನಿವೇಶನವೂ ಪುನರಭಿವೃದ್ಧಿ ಪ್ರದೇಶದೊಳಗೇ ಸೇರಿತ್ತು.

ಹಣದ ಕಥೆ ಇಷ್ಟು. ಜನರ ಕಥೆ ಇದಕ್ಕಿಂತ ಭಾರವಾದದ್ದು.

ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ಬೀದಿಯ ಸುತ್ತಲಿನ ಪ್ರದೇಶಕ್ಕೆ ವೆಸ್ಟರ್ನ್ ಅಡಿಷನ್ ಎಂದು ಹೆಸರು. ಅಲ್ಲಿ ಮೊದಲು ನೆಲೆಸಿದ್ದ ಜಪಾನಿ ಮೂಲದವರನ್ನು 1942ರಲ್ಲಿ ಸರ್ಕಾರ ಎತ್ತಿಕೊಂಡು ಹೋಗಿ ಶಿಬಿರಗಳಲ್ಲಿ ಕೂಡಿಹಾಕಿತು. ತೆರವಾದ ಮನೆಗಳಿಗೆ, ಹಡಗುಕಟ್ಟೆಗಳಲ್ಲಿ ದುಡಿಯಲು ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನರು ಬಂದು ಸೇರಿದರು. ಯುದ್ಧ ಮುಗಿದ ಮೇಲೆ ಜಪಾನಿಯರಲ್ಲಿ ಕೆಲವರು ಮರಳಿ ಬಂದರು. ಎರಡು ಸಮುದಾಯಗಳು ಅಕ್ಕಪಕ್ಕ ಬದುಕಿದ, ಜಾಝ್ ಸಂಗೀತದ ಕ್ಲಬ್ಬುಗಳಿಂದ ದೇಶಕ್ಕೆಲ್ಲ ಹೆಸರಾದ ಕೇರಿ ಅದಾಯಿತು. ನಗರದ ಏಜೆನ್ಸಿ ಅದನ್ನು ಪಾಳುಬಿದ್ದ ಪ್ರದೇಶ ಎಂದು ಕರೆಯಿತು. 1959ರಿಂದ 1971ರವರೆಗೆ ಏಜೆನ್ಸಿಯ ಮುಖ್ಯಸ್ಥರಾಗಿದ್ದ ಜಸ್ಟಿನ್ ಹರ್ಮನ್ ಅವರ ಕಾಲದಲ್ಲಿ ಬೀದಿ ಬೀದಿಯೇ ನೆಲಸಮವಾಯಿತು. ಗೀರಿ ರಸ್ತೆಯನ್ನು ಹೆದ್ದಾರಿಯಷ್ಟು ಅಗಲ ಮಾಡಿದರು. ಮನೆ ಕಳೆದುಕೊಂಡವರಿಗೆ, ಹೊಸ ಮನೆಗಳು ಎದ್ದಾಗ ಮೊದಲ ಆದ್ಯತೆ ನಿಮಗೇ ಎಂಬ ಪತ್ರಗಳನ್ನು ಕೊಟ್ಟರು. ಎಷ್ಟೋ ನಿವೇಶನಗಳು ವರ್ಷಗಟ್ಟಲೆ ಹಾಳುಬಿದ್ದವು. ಮರಳಿ ಬರುವ ಆಸೆಯಿಂದ ಪತ್ರ ಇಟ್ಟುಕೊಂಡಿದ್ದವರಲ್ಲಿ ಅನೇಕರು ಅಷ್ಟರಲ್ಲಿ ಊರನ್ನೇ ಬಿಟ್ಟಿದ್ದರು.

ಲಾಸ್ ಏಂಜಲೀಸಿನ ಬಂಕರ್ ಹಿಲ್ ಗುಡ್ಡದ ಮೇಲೂ ಹೀಗೇ ಆಯಿತು. ಹತ್ತೊಂಬತ್ತನೆಯ ಶತಮಾನದ ಮರದ ಮಹಡಿ ಮನೆಗಳು ಕಾಲಕ್ರಮೇಣ ಬಾಡಿಗೆ ಕೋಣೆಗಳಾಗಿ, ಬಡ ಮುದುಕರಿಗೆ, ವಲಸಿಗರಿಗೆ ಆಸರೆಯಾಗಿದ್ದವು. 1959ರಲ್ಲಿ ಒಪ್ಪಿಗೆ ಪಡೆದ ಯೋಜನೆ ಅವೆಲ್ಲವನ್ನೂ ಅಳಿಸಿತು. ಉಳಿಸಬೇಕೆಂದು ಬೇರೆಡೆಗೆ ಸಾಗಿಸಿದ ಕೊನೆಯ ಎರಡು ಮನೆಗಳೂ 1969ರಲ್ಲಿ ಬೆಂಕಿಗೆ ಆಹುತಿಯಾದವು. ಇಂದು ಅಲ್ಲಿ ಗಾಜಿನ ಗೋಪುರಗಳಿವೆ, ವಾಲ್ಟ್ ಡಿಸ್ನಿ ಸಂಗೀತ ಸಭಾಂಗಣವಿದೆ. ಅವು ಊರಿಗೆ ಹೆಮ್ಮೆಯೇ, ಅಲ್ಲಗಳೆಯಲಾರೆ. ಆ ಹೆಮ್ಮೆಯ ಬೆಲೆಯನ್ನು ತೆತ್ತವರು ಮಾತ್ರ ಅಲ್ಲಿ ಉಳಿದಿಲ್ಲ.

ಏಜೆನ್ಸಿಗಳಿಗೆ ಕೊನೆ ಹಾಡಿದವರು ಗವರ್ನರ್ ಜೆರ್ರಿ ಬ್ರೌನ್. ಅದಕ್ಕೂ ಮೊದಲು ಓಕ್‌ಲ್ಯಾಂಡ್ ನಗರದ ಮೇಯರ್ ಆಗಿದ್ದಾಗ ಇದೇ ವ್ಯವಸ್ಥೆಯನ್ನು ಅವರು ಬಳಸಿದ್ದರು, ಅದರ ಒಳಹೊರಗು ಅವರಿಗೆ ಚೆನ್ನಾಗಿ ಗೊತ್ತಿತ್ತು. 2011ರ ಜನವರಿಯಲ್ಲಿ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡಾಗ ಅವರ ಮುಂದಿದ್ದದ್ದು ಸುಮಾರು 2,500 ಕೋಟಿ ಡಾಲರ್ ಕೊರತೆಯ ಬಜೆಟ್. ಏಜೆನ್ಸಿಗಳನ್ನು ರದ್ದು ಮಾಡೋಣ ಎಂದರು. ಸುದ್ದಿ ಹಬ್ಬಿದ್ದೇ ತಡ, ರಾಜ್ಯದುದ್ದಕ್ಕೂ ನಗರಸಭೆಗಳು ತುರ್ತು ಸಭೆ ಕರೆದವು. ಏಜೆನ್ಸಿಯ ಹೆಸರಿನಲ್ಲಿದ್ದ ಜಾಗಗಳನ್ನು ನಗರದ ಹೆಸರಿಗೆ ಬರೆಯುವ ಠರಾವುಗಳು ಒಂದರ ಹಿಂದೊಂದು ಪಾಸಾದವು. ಕೊಡುವವರೂ ಪಡೆಯುವವರೂ ಅದೇ ಜನ, ಅದೇ ಸಭಾಂಗಣ.

ಆ ಜೂನ್‌ನಲ್ಲಿ ಎರಡು ಕಾಯ್ದೆಗಳು ಬಂದವು. ಒಂದು ಏಜೆನ್ಸಿಗಳನ್ನು ರದ್ದು ಮಾಡಿತು. ಇನ್ನೊಂದು, ಮೊದಲ ವರ್ಷ ಎಲ್ಲ ಏಜೆನ್ಸಿಗಳೂ ಸೇರಿ 170 ಕೋಟಿ ಡಾಲರ್ ಕಟ್ಟಿದರೆ, ಮುಂದೆ ವರ್ಷವರ್ಷವೂ 40 ಕೋಟಿ ಕಟ್ಟುತ್ತಾ ಬಂದರೆ ಉಳಿಯಬಹುದು ಎಂದಿತು. ನಗರಗಳು ಎರಡನ್ನೂ ಕೋರ್ಟಿಗೆ ಎಳೆದವು. ಹಿಂದಿನ ವರ್ಷವಷ್ಟೇ ನಗರಗಳ ಒಕ್ಕೂಟದ ಬೆಂಬಲದಿಂದ ಪ್ರೊಪೊಸಿಷನ್ 22 ಗೆದ್ದಿತ್ತು. ಏಜೆನ್ಸಿಗಳ ಹಣಕ್ಕೆ ರಾಜ್ಯ ಕೈಹಾಕಬಾರದು ಎಂಬ ಸಂವಿಧಾನದ ರಕ್ಷಣೆ ಅದು. ಅದನ್ನೇ ಆಧಾರ ಮಾಡಿಕೊಂಡು ರಾಜ್ಯದ ಸುಪ್ರೀಂ ಕೋರ್ಟ್ 2011ರ ಡಿಸೆಂಬರ್ 29ರಂದು ತೀರ್ಪು ಕೊಟ್ಟಿತು. ಶಾಸನಸಭೆ ಹುಟ್ಟಿಸಿದ ಸಂಸ್ಥೆಯನ್ನು ಶಾಸನಸಭೆ ರದ್ದು ಮಾಡಬಹುದು, ಆದರೆ ಉಳಿಯಬೇಕಾದರೆ ಹಣ ಕಟ್ಟಿ ಎನ್ನುವಂತಿಲ್ಲ. ಹಣ ಉಳಿಸಿಕೊಳ್ಳಲು ಕಟ್ಟಿದ್ದ ಕೋಟೆಯೇ ಸಂಸ್ಥೆ ಉಳಿಯುವ ಕೊನೆಯ ದಾರಿಯನ್ನು ಮುಚ್ಚಿತು.

ಮುಂದಿನ ಕೆಲಸ ವಕೀಲರದ್ದು, ಲೆಕ್ಕಿಗರದ್ದು. ಪ್ರತಿ ಊರಿನಲ್ಲೂ ಉತ್ತರಾಧಿಕಾರಿ ಸಂಸ್ಥೆಯೊಂದು ಬಂತು. ಹೆಚ್ಚಿನ ಕಡೆ ನಗರವೇ ಆ ಪಾತ್ರ ವಹಿಸಿಕೊಂಡಿತಾದರೂ ಕಾನೂನಿನ ಕಣ್ಣಲ್ಲಿ ಅದು ನಗರವಲ್ಲ. ಹಳೆಯ ಸಾಲ ತೀರಿಸುವುದು, ಆಸ್ತಿ ವಿಲೇವಾರಿ ಮಾಡುವುದು, ಕೊನೆಗೆ ತಾನೂ ಇಲ್ಲವಾಗುವುದು ಅದರ ಕೆಲಸ. ಅದರ ಮೇಲೆ ಏಳು ಜನರ ಮೇಲ್ವಿಚಾರಣಾ ಮಂಡಳಿ, ಅದರ ಮೇಲೆ ರಾಜ್ಯದ ಹಣಕಾಸು ಇಲಾಖೆ. 2011ರ ಜನವರಿ 1ರ ನಂತರ ಏಜೆನ್ಸಿ ತನ್ನ ನಗರಕ್ಕೆ ದಾಟಿಸಿದ ಪ್ರತಿಯೊಂದು ಆಸ್ತಿಯನ್ನೂ ಕಂಟ್ರೋಲರ್ ಪರಿಶೀಲಿಸಿದರು. ಬೇರೆಯವರಿಗೆ ಒಪ್ಪಂದವಾಗಿ ಬಿಟ್ಟಿರದಿದ್ದರೆ ವಾಪಸು ಕೊಡಿ ಎಂದರು. ಅವಸರದಲ್ಲಿ ಬರೆಸಿಕೊಂಡ ಎಷ್ಟೋ ಪತ್ರಗಳು ಹೀಗೆ ಬಿದ್ದುಹೋದವು.

ಆಸ್ತಿ ಸಕ್ರಮವಾಗಿ ನಗರದ ಕೈಗೆ ಬರಬೇಕಾದರೆ ಮೊದಲು ಕೈಯಲ್ಲಿದ್ದ ನಗದಿನ ಲೆಕ್ಕ ಒಪ್ಪಿಸಬೇಕು, ಹೆಚ್ಚುವರಿ ಹಣ ಕಟ್ಟಬೇಕು. ಬಾಕಿ ತೀರಿದೆ ಎಂದು ಹಣಕಾಸು ಇಲಾಖೆ ಪತ್ರ ಕೊಟ್ಟ ಆರು ತಿಂಗಳೊಳಗೆ ಆಸ್ತಿ ನಿರ್ವಹಣೆಯ ದೀರ್ಘಾವಧಿ ಯೋಜನೆಯನ್ನು ಸಲ್ಲಿಸಬೇಕು. ಈ ಯೋಜನೆಯೇ ಇಡೀ ಪ್ರಕ್ರಿಯೆಯ ಹೃದಯ. ಒಂದೊಂದು ತುಂಡು ನೆಲದ ಬಗ್ಗೆಯೂ ಅದರಲ್ಲಿ ಬರೆಯಬೇಕು: ಕೊಂಡದ್ದು ಎಂದು, ಏಕೆ, ಎಷ್ಟಕ್ಕೆ, ಈಗಿನ ಬೆಲೆ, ಬಾಡಿಗೆ ಬರುತ್ತದೆಯೇ, ಮಣ್ಣಿನಲ್ಲಿ ವಿಷವಿದೆಯೇ, ಬಸ್ಸು ರೈಲಿನ ನಿಲ್ದಾಣ ಹತ್ತಿರವಿದೆಯೇ, ಹಿಂದೆ ಯಾವ ಯೋಜನೆಗಳು ಬಂದು ಬಿದ್ದುಹೋದವು. ಆಮೇಲೆ ನಾಲ್ಕರಲ್ಲಿ ಒಂದು ದಾರಿ ಆರಿಸಬೇಕು: ಸಾರ್ವಜನಿಕ ಬಳಕೆಗೆ ಉಳಿಸಿಕೊಳ್ಳುವುದು, ಮುಂದಿನ ಅಭಿವೃದ್ಧಿಗೆ ಇಟ್ಟುಕೊಳ್ಳುವುದು, ಮಾರುವುದು, ಹಳೆಯ ಕರಾರನ್ನು ಪೂರೈಸಲು ಬಳಸುವುದು.

ಮೊದಲ ದಾರಿಯಲ್ಲಿ ತಕರಾರು ಕಡಿಮೆ. ರಸ್ತೆ, ಉದ್ಯಾನ, ಗ್ರಂಥಾಲಯ, ಅಗ್ನಿಶಾಮಕ ಠಾಣೆ ಇವು ನಗರಕ್ಕೆ ಬಿಟ್ಟಿಯಾಗಿ ಬಂದವು, ಬರಬೇಕಾದದ್ದೇ. ಮೇಲ್ವಿಚಾರಣಾ ಮಂಡಳಿಯ ಠರಾವು, ಇಲಾಖೆಯ ಒಪ್ಪಿಗೆ, ಕೌಂಟಿಯ ನೋಂದಣಿ ಕಚೇರಿಯಲ್ಲಿ ಒಂದು ಹಕ್ಕುಪತ್ರ, ಅಲ್ಲಿಗೆ ಮುಗಿಯಿತು. ಪಾರ್ಕಿಂಗ್ ಜಾಗದ ವಿಚಾರದಲ್ಲಿ ಮಾತ್ರ ದೊಡ್ಡ ಚರ್ಚೆಯಾಯಿತು. ಶುಲ್ಕ ವಸೂಲಾಗುವ ಪಾರ್ಕಿಂಗ್ ಸಾರ್ವಜನಿಕ ಬಳಕೆಯೋ ವ್ಯಾಪಾರವೋ? ನಿರ್ವಹಣೆಯ ಖರ್ಚನ್ನು ಮೀರಿ ಲಾಭ ಮಾಡದ ಸಾರ್ವಜನಿಕ ಪಾರ್ಕಿಂಗ್ ನಗರಕ್ಕೆ ಸೇರಬಹುದು ಎಂದು 2015ರ ತಿದ್ದುಪಡಿ ಬಗೆಹರಿಸಿತು.

ನಿಜವಾದ ಎಳೆದಾಟ ನಡೆದದ್ದು ಎರಡನೆಯ ದಾರಿಯಲ್ಲಿ. ಊರ ನಡುವಿನ ಬೆಲೆಬಾಳುವ ನಿವೇಶನಗಳು ಇದ್ದದ್ದು ಅಲ್ಲಿ. ನಗರ ಅವನ್ನು ಇಟ್ಟುಕೊಂಡು ಮುಂದೆ ಬಿಲ್ಡರ್‌ಗಳಿಗೆ ಮಾರಿದರೆ ಆ ಹಣ ಯಾರದು? ಪುನರಭಿವೃದ್ಧಿಗೆಂದು ಉಳಿಸಿಕೊಂಡ ನೆಲದ ಬೆಲೆಯನ್ನು ಶಾಲಾ ಜಿಲ್ಲೆ, ಕೌಂಟಿ ಮೊದಲಾದ ತೆರಿಗೆ ಪಾಲುದಾರರೊಂದಿಗೆ ಅವರವರ ಪಾಲಿನ ಪ್ರಕಾರ ಹಂಚಿಕೊಳ್ಳಲು ಪರಿಹಾರ ಒಪ್ಪಂದ ಮಾಡಿಕೊಳ್ಳಿ ಎಂದು ಕಾನೂನು ಹೇಳಿತು. ನಗರಗಳಿಗೆ ಇದು ರುಚಿಸಲಿಲ್ಲ. ನಾಳೆ ಹಣ ತರಬಹುದಾದ ಆ ಕೆಲವು ಜಾಗಗಳು ಬಿಟ್ಟರೆ ಅಭಿವೃದ್ಧಿಗೆ ನಮ್ಮ ಕೈಯಲ್ಲಿ ಇನ್ನೇನಿದೆ ಎಂದು ಕೇಳಿದವು. ಆ ಸಂಕಟ ನಿಜ. ಆದರೂ ನನಗೆ ಕಾನೂನಿನ ಪಕ್ಷವೇ ಸರಿ ಎನಿಸುತ್ತದೆ. ಆ ನೆಲದ ಬೆಲೆಯಲ್ಲಿ ಮಕ್ಕಳ ಶಾಲೆಗೆ ಹೋಗಬೇಕಿದ್ದ ತೆರಿಗೆಯಿದೆ. ನೋಂದಣಿ ಕಚೇರಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಆ ಋಣ ತೀರುವುದಿಲ್ಲ.

ಎಲ್ಲ ನಗರಗಳೂ ಆಸ್ತಿಗೆ ಮುಂದಾದವು ಎಂದೇನಲ್ಲ. ರಾಜ್ಯದ ಅತಿ ದೊಡ್ಡ ನಗರವಾದ ಲಾಸ್ ಏಂಜಲೀಸ್, ಹಳೆಯ ಹೊಣೆಗಳಿಗೆ ಹೆದರಿ ಉತ್ತರಾಧಿಕಾರಿಯಾಗಲು ಒಪ್ಪಲೇ ಇಲ್ಲ. ಗವರ್ನರ್ ಮೂವರ ಮಂಡಳಿಯೊಂದನ್ನು ನೇಮಿಸಬೇಕಾಯಿತು. ಇದರ ಪರಿಣಾಮ ಬಂಕರ್ ಹಿಲ್ಲಿನ ಏಂಜಲ್ಸ್ ನಾಲ್ ಎಂಬ ಪುಟ್ಟ ಉದ್ಯಾನದ ಮೇಲಾಯಿತು. '500 ಡೇಸ್ ಆಫ್ ಸಮ್ಮರ್' ಸಿನಿಮಾದಲ್ಲಿ ಪ್ರೇಮಿಗಳು ಕೂರುವ ಬೆಂಚು ಇದ್ದದ್ದು ಅಲ್ಲಿಯೇ. ನೋಡಿಕೊಳ್ಳಲು ಹಣವಿಲ್ಲವೆಂದು 2013ರಲ್ಲಿ ಅದಕ್ಕೆ ಬೇಲಿ ಬಿತ್ತು. 2017ರಲ್ಲಿ ನಗರ ಆ ಜಾಗಕ್ಕೆ ಗಗನಚುಂಬಿಗಳ ಯೋಜನೆಯೊಂದನ್ನು ಆರಿಸಿತು. ಪೇಟೆಯ ನಟ್ಟನಡುವೆ ಜನ ಕೂರುತ್ತಿದ್ದ ಹಸಿರು ಜಾಗ, ಒಡೆಯ ಯಾರೆಂಬ ಗೊಂದಲದಲ್ಲೇ ಜನರ ಕೈತಪ್ಪಿತು.

ನೆಲದ ಜೊತೆ ಅದರಡಿಯ ವಿಷವೂ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಎಮೆರಿವಿಲ್ ಎಂಬ ಪುಟ್ಟ ಊರು ಒಂದು ಕಾಲಕ್ಕೆ ಕಾರ್ಖಾನೆಗಳಿಂದಲೇ ತುಂಬಿತ್ತು. ಅಂಥ ಮಣ್ಣನ್ನು ಶುಚಿ ಮಾಡಿಸಲು, ಅದನ್ನು ಕೆಡಿಸಿದವರಿಂದ ಖರ್ಚು ವಸೂಲು ಮಾಡಲು 1990ರ ಪೊಲಾಂಕೊ ಕಾಯ್ದೆ ಏಜೆನ್ಸಿಗಳಿಗೆ ವಿಶೇಷ ಅಧಿಕಾರ ಕೊಟ್ಟಿತ್ತು. ಏಜೆನ್ಸಿ ಹೋದಾಗ ಆ ಅಧಿಕಾರವೂ ಹೋಯಿತು. ಅದನ್ನು ನಗರಗಳಿಗೆ ಒದಗಿಸಲು 2013ರಲ್ಲಿ ಬೇರೆ ಕಾಯ್ದೆ ತರಬೇಕಾಯಿತು. ಅದೇ ಎಮೆರಿವಿಲ್‌ನಲ್ಲಿ ಏಜೆನ್ಸಿಯ ಬೆಂಬಲದಿಂದ 2002ರಲ್ಲಿ ತೆರೆದ ಬೇ ಸ್ಟ್ರೀಟ್ ಮಾಲ್ ನಿಂತಿರುವುದು ಅಲ್ಲಿನ ಮೂಲನಿವಾಸಿ ಒಹ್ಲೋನಿ ಜನರು ಸಾವಿರಾರು ವರ್ಷ ತಮ್ಮ ಸತ್ತವರನ್ನು ಹೂಳುತ್ತಿದ್ದ ಚಿಪ್ಪಿನ ದಿಬ್ಬದ ಮೇಲೆ. ಒಡೆತನದ ದಾಖಲೆಯನ್ನು ಎಲ್ಲಿಂದ ಶುರುಮಾಡುತ್ತೇವೆ ಎಂಬುದರ ಮೇಲೆ ಒಡೆಯರು ಬದಲಾಗುತ್ತಾರೆ.

ಏಜೆನ್ಸಿಗಳ ತಪ್ಪುಗಳನ್ನು ಎಣಿಸುವಾಗ ಅವು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮರೆಯಬಾರದು. ತಮ್ಮ ತೆರಿಗೆ ಆದಾಯದ ಶೇ 20ನ್ನು ಕಡಿಮೆ ಆದಾಯದವರ ಮನೆಗಳಿಗೆ ಮೀಸಲಿಡಬೇಕೆಂದು ಕಾನೂನಿತ್ತು. ವರ್ಷಕ್ಕೆ ಸುಮಾರು 100 ಕೋಟಿ ಡಾಲರ್. ಏಜೆನ್ಸಿಗಳೊಂದಿಗೆ ಈ ಹಣವೂ ನಿಂತಿತು, ಅದೂ ಬಾಡಿಗೆ ಮುಗಿಲು ಮುಟ್ಟುತ್ತಿದ್ದ ವರ್ಷಗಳಲ್ಲಿ. ಮನೆಗಳಿಗೆಂದು ಕೊಂಡಿದ್ದ ನಿವೇಶನಗಳನ್ನು ಪಡೆದ ನಗರಗಳು ಅವನ್ನು ಅದೇ ಕೆಲಸಕ್ಕೆ ಬಳಸಬೇಕು ಎಂಬ ನಿಯಮವೇನೋ ಉಳಿಯಿತು. ಆದರೆ ಕಟ್ಟಲು ಹಣ ಎಲ್ಲಿಂದ ಬರಬೇಕು? 2014ರಲ್ಲಿ ನಗರಗಳಿಗೆ ಹೊಸ ಬಗೆಯ ತೆರಿಗೆ ಜಿಲ್ಲೆಗಳನ್ನು ರಚಿಸಲು ಅವಕಾಶ ಕೊಟ್ಟರು. ಈ ಬಾರಿ ಶಾಲೆಗಳ ಪಾಲನ್ನು ಮುಟ್ಟದಂತೆ ಕಾನೂನು ಬರೆದರು. 2019ರ ತಿದ್ದುಪಡಿಯ ನಂತರ, ಸರ್ಕಾರಿ ಸಂಸ್ಥೆ ಹೆಚ್ಚುವರಿ ಜಾಗ ಮಾರುವ ಮುನ್ನ ಕಡಿಮೆ ಬಾಡಿಗೆಯ ಮನೆ ಕಟ್ಟುವವರನ್ನು ಕೇಳುವುದು ಇನ್ನಷ್ಟು ಕಡ್ಡಾಯವಾಯಿತು.

ಇನ್ನು ಆ ಏಳು ಜನರ ಮಂಡಳಿಯ ಮಾತು. 2012ರಲ್ಲಿ ಅದರಲ್ಲಿ ಇಬ್ಬರನ್ನು ಕೌಂಟಿ, ಇಬ್ಬರನ್ನು ಮೇಯರ್ ನೇಮಿಸುತ್ತಿದ್ದರು. ಶಾಲಾ ಶಿಕ್ಷಣಕ್ಕೆ ಒಬ್ಬರು, ಸಮುದಾಯ ಕಾಲೇಜುಗಳಿಗೆ ಒಬ್ಬರು, ನೀರು ಮುಂತಾದ ವಿಶೇಷ ಮಂಡಳಿಗಳಿಗೆ ಒಬ್ಬರು. ಮೇಯರ್ ನೇಮಿಸುವ ಇಬ್ಬರಲ್ಲಿ ಒಬ್ಬರ ಕುರ್ಚಿ ಮುಚ್ಚಿದ ಏಜೆನ್ಸಿಯ ನೌಕರರಿಗೆ ಮೀಸಲಾಗಿತ್ತು. 2018ರ ಜುಲೈನಲ್ಲಿ ಊರಿಗೊಂದರಂತಿದ್ದ ಮಂಡಳಿಗಳನ್ನು ಕೌಂಟಿ ಮಟ್ಟಕ್ಕೆ ಒಗ್ಗೂಡಿಸಿದಾಗಲೂ ಈ ವಿನ್ಯಾಸ ಹೆಚ್ಚು ಬದಲಾಗಲಿಲ್ಲ. ಆ ನೆಲದ ಮೇಲೆ ಮನೆ, ಅಂಗಡಿ, ಚರ್ಚು ಇದ್ದವರಿಗೆ ಮಾತ್ರ ಮೀಸಲಾದ ಕುರ್ಚಿ ಯಾವ ಮಂಡಳಿಯಲ್ಲೂ ಇರಲಿಲ್ಲ. ತೆರಿಗೆ ಕಳೆದುಕೊಂಡವರನ್ನೆಲ್ಲ ಪಾಲುದಾರರೆಂದು ಗುರುತಿಸಿದ ಕಾನೂನು ಮನೆ ಕಳೆದುಕೊಂಡವರನ್ನು ಗುರುತಿಸಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಲೇವಾರಿಯ ದೊಡ್ಡ ಕೊರತೆ ಇದೇ.

ಸರಿಪಡಿಸಲು ಆಗುವುದಿಲ್ಲ ಎನ್ನುವವರಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಉತ್ತರವಿದೆ. ಅಲ್ಲಿನ ಏಜೆನ್ಸಿ ತನ್ನ ಮೊದಲ ದಶಕಗಳಲ್ಲಿ 14,207 ಮನೆಗಳನ್ನು ಕೆಡವಿ, 7,498ಕ್ಕೆ ಮಾತ್ರ ಬದಲಿ ಕಟ್ಟಿತ್ತು. ಉಳಿದ 6,709 ಮನೆಗಳು ಬಾಕಿ ಎಂದು ರಾಜ್ಯದ ಕಾನೂನೇ ಲೆಕ್ಕ ಬರೆದಿಟ್ಟಿತು. ಏಜೆನ್ಸಿ ಮುಚ್ಚುವ ಹೊತ್ತಿಗೂ ಅದರಲ್ಲಿ 5,842 ಮನೆಗಳು ಬಾಕಿಯಿದ್ದವು. ಅವನ್ನು ಕಟ್ಟಲು ಅಲ್ಲಿನ ಉತ್ತರಾಧಿಕಾರಿ ಸಂಸ್ಥೆಗೆ ಆಸ್ತಿ ತೆರಿಗೆಯ ಹಣ ಬಳಸಲು ಅವಕಾಶ ಕೊಡುವ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು. ಅದಕ್ಕೂ ಎರಡು ವರ್ಷ ಮೊದಲು, ಮನೆ ಕಳೆದುಕೊಂಡವರಿಗೆ ಕೊಟ್ಟಿದ್ದ ಆದ್ಯತೆಯ ಪತ್ರವನ್ನು ಅವರ ಮಕ್ಕಳು ಮೊಮ್ಮಕ್ಕಳಿಗೂ ವಿಸ್ತರಿಸಿದ್ದರು. ಬಹಳ ತಡವಾಯಿತು, ಆದರೆ ಲೆಕ್ಕ ಇಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಬೇರೆ ಎಷ್ಟೋ ಊರುಗಳಲ್ಲಿ ಇಂಥ ಲೆಕ್ಕವನ್ನು ಯಾರೂ ಕೇಳಿಲ್ಲ.

ಆ ಕೊಲ್ಲಿ ಪ್ರದೇಶದಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2014ರ ಸಮ್ಮೇಳನ ನಡೆದ ಸ್ಯಾನ್ ಹೋಸೆ ನಗರದ ಏಜೆನ್ಸಿ ರಾಜ್ಯದ ಅತಿ ದೊಡ್ಡವುಗಳಲ್ಲೊಂದಾಗಿತ್ತು. ಆ ಊರಿನ ಕನ್ವೆನ್ಶನ್ ಸೆಂಟರ್ ಎದ್ದದ್ದೇ ಪುನರಭಿವೃದ್ಧಿಯ ಹಣದಲ್ಲಿ, ಆ ಕಾಲದ ಸಾಲದ ಕಂತುಗಳು ಏಜೆನ್ಸಿ ಮುಚ್ಚಿದ ಎಷ್ಟೋ ವರ್ಷಗಳ ನಂತರವೂ ಆಸ್ತಿ ತೆರಿಗೆಯಿಂದಲೇ ತೀರುತ್ತಾ ಬಂದಿವೆ. ಅಲ್ಲಿ ಮನೆ ಮಾಡಿ, ತೆರಿಗೆ ಕಟ್ಟಿ, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ಕನ್ನಡಿಗರಲ್ಲಿ ಒಂದು ಕೋರಿಕೆ. ನಿಮ್ಮ ಕೌಂಟಿಯ ಮೇಲ್ವಿಚಾರಣಾ ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಬಹುದು, ಮಾತಾಡಬಹುದು. ನಿಮ್ಮ ಊರಿನ ಆಸ್ತಿ ಯೋಜನೆಯ ಪ್ರತಿಯನ್ನು ಕೇಳಿ ಪಡೆಯಿರಿ. ನಗರದ ಕೈಗೆ ಬಂದ ಜಾಗಗಳಲ್ಲಿ ಇನ್ನೂ ಖಾಲಿ ಉಳಿದವು ಯಾವುವು, ಅವನ್ನು ಮಾರಿದರೆ ಶಾಲೆಗೆ ಸಲ್ಲುವುದೆಷ್ಟು, ಅಲ್ಲಿ ಮೊದಲು ಯಾರು ವಾಸವಾಗಿದ್ದರು ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ಆ ಪಟ್ಟಿಯನ್ನು ತಯಾರಿಸಿ ಎಂದು ಸಭೆಯ ನಡಾವಳಿಯಲ್ಲಿ ಬರೆಸಿ ಬನ್ನಿ.